ಗೊಣಗದೆ ನಗುವುದು ಹೇಗೆ?

ಬೆಳಿಗ್ಗೆ ಹಾಲಿನವನಿಗಿಂತ ಮೊದಲು ನಮ್ಮ ಮನೆಗೆ ಬರುವುದು ಗುಲಾಬಿ ಹೂವು. ವಾಟ್ಸಾಪಿನಲ್ಲಿ. ಹೂವಿನ ಹಿಂದೆ ಉದಯಸೂರ್ಯ, ಪಕ್ಕದಲ್ಲಿ ಹಬೆಯಾಡುವ ಕಾಫಿ ಲೋಟ, ಕೆಳಗೆ ಒಂದು ಹಿತವಚನ: ‘ವಯಸ್ಸಾಯಿತೆಂದು ಕೊರಗಬೇಡಿ, ಗೊಣಗಬೇಡಿ, ಸದಾ ನಗುನಗುತ್ತಾ ಇರಿ.’ ಕಳಿಸುವವರೇನೂ ಎಳೆಯರಲ್ಲ, ನನ್ನ ಓರಗೆಯವರೇ, ಅರವತ್ತೈದು ದಾಟಿದವರು. ಅವರಲ್ಲಿ ನನ್ನ ನಾದಿನಿಯೂ ಒಬ್ಬಳು. ಆರಕ್ಕೆ ಗುಲಾಬಿ ಕಳಿಸಿದ ಇದೇ ನಾದಿನಿ ಒಂಬತ್ತಕ್ಕೆ ಫೋನು ಮಾಡಿ, ಕೆಲಸದವಳು ಬರಲಿಲ್ಲ, ಬಂದಿದ್ದರೂ ಪಾತ್ರೆಯಲ್ಲಿ ಸೋಪು ಹಾಗೇ ಬಿಟ್ಟಿರುತ್ತಿದ್ದಳು, ಮಂಡಿಗೆ ಡಾಕ್ಟರು ಕೊಟ್ಟ ಎಣ್ಣೆಯ ವಾಸನೆಗೆ ಬೆಕ್ಕು ಕೂಡ ಮನೆ ಬಿಟ್ಟಿದೆ, ಉಪ್ಪಿಟ್ಟು ಮಾಡಿದರೆ ಮೊಮ್ಮಗ ಕಾಂಕ್ರೀಟು ಅನ್ನುತ್ತಾನೆ ಎಂದು ಅರ್ಧ ಗಂಟೆ ಗೊಣಗುತ್ತಾಳೆ. ಆ ಅರ್ಧ ಗಂಟೆಯಲ್ಲಿ ನಾವಿಬ್ಬರೂ ನಕ್ಕು ನಕ್ಕು ಸುಸ್ತಾಗಿರುತ್ತೇವೆ. ಗುಲಾಬಿ ನೋಡಿ ಮಾತ್ರ ನಾನು ಈವರೆಗೆ ಒಂದು ಸಲವೂ ನಕ್ಕಿಲ್ಲ.

ಇದು ಯಾಕೆ ಹೀಗೆ ಅನ್ನುವುದು ಕೆಲವು ತಿಂಗಳಿಂದ ನನ್ನ ತಲೆ ತಿನ್ನುತ್ತಿದೆ. ವಯಸ್ಸಾದವರು ಸಂತೋಷವಾಗಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಪಾರ್ಕಿನಲ್ಲಿ ಹೇಳುತ್ತಾರೆ, ಪ್ರವಚನದಲ್ಲಿ ಹೇಳುತ್ತಾರೆ, ಆಸ್ಪತ್ರೆಯ ಗೋಡೆ ಮೇಲೆ ಬರೆದಿರುತ್ತಾರೆ. ಹೇಳುವ ಧಾಟಿ ಮಾತ್ರ ‘ಮಾತ್ರೆ ತಗೊಂಡ್ರಾ?’ ಅಂತ ಕೇಳಿದ ಹಾಗೇ ಇರುತ್ತದೆ. ಗೊಣಗುವುದನ್ನು ಬಿಟ್ಟುಬಿಟ್ಟರೆ ನಗು ತಾನಾಗಿ ಬರುತ್ತದೆ ಅನ್ನುವ ಲೆಕ್ಕ ಅವರದ್ದು. ನಾನು ಕಂಡದ್ದು ಪೂರ್ತಿ ಉಲ್ಟಾ. ನಮ್ಮ ಮನೆಯಲ್ಲಾಗಲಿ, ನಾನು ದುಡಿದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಾಗಲಿ, ನೆಂಟರಿಷ್ಟರಲ್ಲಾಗಲಿ, ಯಾರು ಸೊಗಸಾಗಿ ಗೊಣಗುತ್ತಿದ್ದರೋ ಅವರ ಸುತ್ತಲೇ ನಗು ಇರುತ್ತಿತ್ತು. ಏನು ಕೇಳಿದರೂ ‘ಎಲ್ಲಾ ಚೆನ್ನಾಗಿದೆ, ದೇವರು ಇಟ್ಟ ಹಾಗೆ’ ಅನ್ನುವವರ ಹತ್ತಿರ ಐದು ನಿಮಿಷ ಕೂತರೆ ಮಾತೇ ಮುಗಿದುಹೋಗುತ್ತದೆ. ಆಮೇಲೆ ಇಬ್ಬರೂ ಫ್ಯಾನು ನೋಡಬೇಕು.

ಅತ್ತೆಯ ನವೆಂಬರ್

ಪಿಂಚಣಿ ಬರುವ ಮನೆಯಲ್ಲಿ ನವೆಂಬರ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ವರ್ಷಕ್ಕೊಮ್ಮೆ ನಾವು ಬದುಕಿರುವುದನ್ನು ಸರ್ಕಾರಕ್ಕೆ ಸಾಬೀತು ಮಾಡಬೇಕು. ಎಂಬತ್ತು ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ ಉಂಟು. ‘ನವೆಂಬರ್‌ವರೆಗೆ ಇರ್ತೀವೋ ಇಲ್ವೋ ಅಂತ ಅವರಿಗೇ ಅನುಮಾನ’ ಎಂದು ನಮ್ಮ ಅತ್ತೆಯ ವ್ಯಾಖ್ಯಾನ. ಮಾವನವರು ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಅವರು ಹೋದ ಮೇಲೆ ಅತ್ತೆಗೆ ಕುಟುಂಬ ಪಿಂಚಣಿ ಬರುತ್ತದೆ. ಕೇಂದ್ರ ಸರ್ಕಾರದ ನಿಯಮದ ಪ್ರಕಾರ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ 20 ಹೆಚ್ಚು, 85ಕ್ಕೆ ಶೇ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ಇಮ್ಮಡಿ. ಅತ್ತೆಗೆ ಈಗ 84. ‘ಈಗ ಸಾಯೋ ಹಾಗೂ ಇಲ್ಲ, ಶೇಕಡಾ ಹತ್ತು ಸುಮ್ಮನೆ ನಷ್ಟ’ ಎಂದು ಹುರುಳೀಕಾಯಿ ನಾರು ತೆಗೆಯುತ್ತಾ ಹೇಳುತ್ತಾರೆ. ಮುಖದಲ್ಲಿ ನಗುವಿನ ಗೆರೆ ಕೂಡ ಇರುವುದಿಲ್ಲ.

ಹೋದ ಸಲ ಮೊದಲು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಬೆರಳಚ್ಚು ತೆಗೆಯುವ ಹುಡುಗ ಒಳ್ಳೆಯವನೇ. ಒಂದು ಬೆರಳು ಇಡಿಸಿದ, ಕೆಂಪು ದೀಪ. ಇನ್ನೊಂದು ಇಡಿಸಿದ, ಕೆಂಪು ದೀಪ. ‘ಅಜ್ಜಿ, ಬೆರಳನ್ನು ತಲೆಗೆ ಉಜ್ಜಿಕೊಳ್ಳಿ, ಸ್ವಲ್ಪ ಎಣ್ಣೆ ಹತ್ತಲಿ’ ಅಂದ. ಅತ್ತೆ ಉಜ್ಜಿಕೊಂಡರು, ಹರಳೆಣ್ಣೆ ಚೆನ್ನಾಗಿಯೇ ಹತ್ತಿತು. ಈಗ ಯಂತ್ರದ ಗಾಜು ಜಾರತೊಡಗಿತು. ಅವನು ಗಾಜು ಒರೆಸಿದ, ಅತ್ತೆ ಸೆರಗಿಗೆ ಬೆರಳು ಒರೆಸಿದರು, ಮತ್ತೆ ಕೆಂಪು ದೀಪ. ಹತ್ತು ಬೆರಳೂ ಮುಗಿದವು. ವಯಸ್ಸಾದಂತೆ ಚರ್ಮ ಒಣಗಿ ಬೆರಳಿನ ಗೆರೆ ತೆಳುವಾಗುತ್ತದೆ. ಅದರ ಮೇಲೆ ಬೂದಿಯಿಂದ ಹಿಡಿದು ಸಬೀನದವರೆಗೆ ಎಪ್ಪತ್ತು ವರ್ಷ ಪಾತ್ರೆ ತಿಕ್ಕಿದ ಕೈ ಬೇರೆ. ಹಿಂದೆ ಸಾಲು ಬೆಳೆಯುತ್ತಿತ್ತು. ಅತ್ತೆ ತಮ್ಮ ಬೆರಳನ್ನು ತಾವೇ ಬೆಳಕಿಗೆ ಹಿಡಿದು ನೋಡಿಕೊಂಡು, ‘ಗೆರೆಯೆಲ್ಲ ಪಾತ್ರೆಗೆ ಹೋಗಿದೆ ಕಣಪ್ಪಾ. ಮನೆಯಿಂದ ಕೊಳದಪ್ಪಲೆ ತಂದುಕೊಡಲಾ?’ ಅಂದರು. ಸಾಲಿನಲ್ಲಿದ್ದ ಪಿಂಚಣಿದಾರರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು, ಮತ್ತು ಎಲ್ಲರೂ ಅವರವರ ಬೆರಳು ನೋಡಿಕೊಂಡರು.

ಕೊನೆಗೆ ಮನೆಯಲ್ಲೇ ಮೊಬೈಲಿನಲ್ಲಿ ಮಾಡಿದೆವು. ಬದುಕಿದ್ದೇವೆ ಅನ್ನುವ ಪ್ರಮಾಣಪತ್ರವನ್ನು ಆನ್‌ಲೈನಿನಲ್ಲೇ ಕೊಡುವ ಜೀವನ್ ಪ್ರಮಾಣ್ ಶುರುವಾದದ್ದು 2014ರ ನವೆಂಬರಿನಲ್ಲಿ, ಮುಖ ತೋರಿಸಿ ಮಾಡುವ ಅನುಕೂಲ ಬಂದದ್ದು 2021ರಲ್ಲಿ. ನನ್ನ ಮಗ ಅಜ್ಜಿಯನ್ನು ಕಿಟಕಿ ಪಕ್ಕ ಕೂರಿಸಿ ಒಂದೊಂದೇ ಪ್ರಶ್ನೆ ಓದಿದ.

‘ಅಜ್ಜಿ, ಮರುಮದುವೆ ಆಗಿದ್ದೀಯಾ ಅಂತ ಕೇಳ್ತಿದೆ.’

‘ಯಾರಾದ್ರೂ ಕೇಳಿದ್ರೆ ತಾನೇ?’ ಅಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೆ ಪಿಂಚಣಿ ನಿಲ್ಲಿಸ್ತಾರಾ?’

‘ನಿಲ್ಲಿಸ್ತಾರೆ.’

‘ಹಾಗಾದ್ರೆ ಬೇಡ, ಇಲ್ಲ ಅಂತ ಹಾಕು.’

‘ಮತ್ತೆ ಕೆಲಸಕ್ಕೆ ಸೇರಿದ್ದೀಯಾ?’

‘ಬಿಟ್ಟಿದ್ದು ಯಾವಾಗ?’

ಮಗ ಬಿದ್ದು ಬಿದ್ದು ನಗುತ್ತಿದ್ದ. ಅತ್ತೆ ನಗಲಿಲ್ಲ. ಅವರಿಗೆ ಅದು ತಮಾಷೆಯೇ ಅಲ್ಲ. ಬೆಳಿಗ್ಗೆ ತಾನೇ ಹುಳಿಪುಡಿಗೆ ಮೆಣಸಿನಕಾಯಿ ಹುರಿದು ಕೆಮ್ಮಿ ಕೂತಿದ್ದವರು. ಹನ್ನೆರಡನೇ ವಯಸ್ಸಿನಿಂದ ಒಂದು ದಿನ ರಜೆ ಸಿಕ್ಕಿಲ್ಲ, ಸಂಬಳ ಕೊಟ್ಟವರಿಲ್ಲ, ಈಗ ಮತ್ತೆ ಸೇರಿದ್ದೀಯಾ ಅಂತ ಕೇಳುತ್ತಾರೆ ಅನ್ನುವುದು ಅವರ ನಿಜವಾದ ತಕರಾರು. ಅಷ್ಟು ನಿಜವಾದ್ದರಿಂದಲೇ ನಮಗೆ ಅಷ್ಟು ನಗು ಬಂತು. ನಕ್ಕ ಮೇಲೆ ನನಗಂತೂ ಅವರ ಕೈಯಿಂದ ಸೌಟು ಇಸಿದುಕೊಳ್ಳಬೇಕು ಅನ್ನಿಸಿತು. (ಇಸಿದುಕೊಳ್ಳಲು ಹೋದೆ. ಬಿಡಲಿಲ್ಲ. ನನ್ನ ಸಾರಿನ ಮೇಲೆ ಅವರಿಗೆ ನಂಬಿಕೆ ಇಲ್ಲ.)

ಇಷ್ಟಾದ ಮೇಲೆ ಮುಖ ಹಿಡಿಯುವ ಕೆಲಸ. ಪರದೆಯ ಮೇಲೆ ಒಂದು ಸುತ್ತು, ಅದರೊಳಗೆ ಅತ್ತೆಯ ಮುಖ. ಕಣ್ಣು ಮಿಟುಕಿಸಿ ಅನ್ನುತ್ತದೆ ಅದು, ಫೋಟೋ ತೋರಿಸಿ ಮೋಸ ಮಾಡಬಾರದಲ್ಲ. ಮಗ ‘ಅಜ್ಜಿ, ಕಣ್ಣು ಮಿಟುಕಿಸು’ ಅಂದ. ಪೊರೆಯ ಆಪರೇಷನ್ ಆದ ಕಣ್ಣು, ಬಿಟ್ಟ ಕಣ್ಣು ಬಿಟ್ಟ ಹಾಗೇ ಕೂತಿದ್ದರು. ಎರಡು ಸಲ ಹೇಳಿದ ಮೇಲೆ, ‘ನಿಮ್ಮ ತಾತನ ಜೊತೆ ಅಷ್ಟು ವರ್ಷ ಸಂಸಾರ ಮಾಡಿದೀನಿ, ಒಂದು ದಿನ ಕಣ್ಣು ಹೊಡೆದವಳಲ್ಲ. ಈಗ ಸರ್ಕಾರಕ್ಕೆ ಹೊಡೀಬೇಕೇನೋ?’ ಅಂದರು. ಅಷ್ಟರಲ್ಲಿ ಸಿಟ್ಟಿಗೆ ರೆಪ್ಪೆ ಪಟಪಟ ಬಡಿದಿತ್ತು. ಪ್ರಮಾಣಪತ್ರ ಬಂತು.

ಹೋ ಹೋ, ಹಾ ಹಾ ಹಾ

ನಗುವುದನ್ನೇ ಕೆಲಸ ಮಾಡಿಕೊಂಡವರ ಜೊತೆಗೂ ಸ್ವಲ್ಪ ದಿನ ಓಡಾಡಿದ್ದೇನೆ. ನಮ್ಮ ಕಡೆಯ ಪಾರ್ಕಿನಲ್ಲಿ ಒಂದು ನಗೆಕೂಟ ಇದೆ. ಕುಕ್ಕರಹಳ್ಳಿ ಕೆರೆಯ ವಾಕಿಂಗು ಮುಗಿಸಿದವರು ಅಲ್ಲಿ ಸೇರುತ್ತಾರೆ. ಈ ಪದ್ಧತಿ ಹುಟ್ಟಿದ ಕತೆ ನನಗಿಷ್ಟ. 1995ರಲ್ಲಿ ಮುಂಬೈನ ಡಾಕ್ಟರು ಮದನ್ ಕಟಾರಿಯಾ ಒಂದು ಪಾರ್ಕಿನಲ್ಲಿ ಐದು ಜನರನ್ನು ಕಟ್ಟಿಕೊಂಡು ಶುರು ಮಾಡಿದ್ದು. ಮೊದಮೊದಲು ಜೋಕು ಹೇಳಿ ನಗುತ್ತಿದ್ದರು. ಕೆಲವೇ ದಿನಗಳಲ್ಲಿ ಒಳ್ಳೆಯ ಜೋಕುಗಳು ಖಾಲಿಯಾಗಿ, ಉಳಿದವು ಕೆಲವರ ಮನಸ್ಸು ನೋಯಿಸತೊಡಗಿದವು. ಆಗ ಅವರು ಜೋಕನ್ನೇ ಬಿಟ್ಟು, ಕಾರಣವಿಲ್ಲದೆ ನಗುವುದನ್ನು ವ್ಯಾಯಾಮ ಮಾಡಿಬಿಟ್ಟರು. ಜೋಕು ಖಾಲಿಯಾಗುತ್ತದೆ ಅಂತ ಒಪ್ಪಿಕೊಂಡಿದ್ದು ದೊಡ್ಡ ವಿಷಯ. ನಮ್ಮ ವಯಸ್ಸಿನಲ್ಲಿ ಕೇಳದ ಜೋಕು ಯಾವುದಿದೆ? ಕೇಳಿದ್ದು ಮರೆತಿದ್ದೇವೆ ಅನ್ನುವುದೊಂದೇ ಅನುಕೂಲ.

ಕೂಟದವರ ಬಗ್ಗೆ ನನಗೆ ಗೌರವವಿದೆ. ಎದೆ ತುಂಬ ಉಸಿರು ಹೋಗುತ್ತದೆ, ನಾಲ್ಕು ಜನರ ಮುಖ ನೋಡಿದ ಹಾಗಾಗುತ್ತದೆ. ಆದರೆ ಎರಡೂ ಕೈ ಮೇಲೆತ್ತಿ ಹಾ ಹಾ ಅನ್ನುವಾಗ ಪಕ್ಕದ ಹುಣಸೆಮರದ ಕಾಗೆ ನನ್ನನ್ನೇ ನೋಡುತ್ತಿದೆ ಅನ್ನಿಸಿ ಬಾಯಿ ಕಟ್ಟುತ್ತಿತ್ತು. ಒಂದು ದಿನ ಸಿಂಹನಗೆ ಮಾಡುತ್ತಿದ್ದೆವು. ನಾಲಿಗೆ ಪೂರ್ತಿ ಹೊರಹಾಕಿ, ಕಣ್ಣರಳಿಸಿ, ಪಂಜ ತೋರಿಸಿ ನಗಬೇಕು. ಎದುರು ಸಾಲಿನ ನಿವೃತ್ತ ಮೇಷ್ಟ್ರೊಬ್ಬರ ಮೇಲಿನ ಹಲ್ಲಿನ ಸೆಟ್ಟು ನಾಲಿಗೆಯ ಜೊತೆ ಹೊರಗೆ ಬಂತು. ಬಿದ್ದೇ ಹೋಗುತ್ತಿತ್ತು, ಪಂಜ ತಯಾರಾಗಿದ್ದರಿಂದ ಕ್ಯಾಚ್ ಹಿಡಿದರು. ಅಷ್ಟೂ ಜನ ನಗುವುದನ್ನು ನಿಲ್ಲಿಸಿಬಿಟ್ಟರು! ನಗಲೆಂದೇ ಬಂದವರು, ನಗು ಬಂದಾಗ ಮರ್ಯಾದೆಗೆ ಸುಮ್ಮನಾದರು. ಮೇಷ್ಟ್ರು ಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಬೊಚ್ಚುಬಾಯಲ್ಲಿ, ‘ಇದಕ್ಕೆ ಕೊಟ್ಟ ದುಡ್ಡಿನಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಸ್ಕೂಟರ್ ಬರ್ತಿತ್ತು. ಅದಾದ್ರೆ ಒದ್ದರೂ ನಿಂತಲ್ಲೇ ಇರ್ತಿತ್ತು’ ಅಂದರು. ಅವತ್ತಿನ ಸಿಂಹನಗೆ ಅಲ್ಲಿಂದ ಶುರುವಾಯಿತು. ಆಮೇಲೆ ಕಲ್ಲುಬೆಂಚಿನ ಮೇಲೆ ಕೂತು ಹಲ್ಲು, ಹಲ್ಲಿನ ಡಾಕ್ಟರು, ಚಕ್ಕುಲಿ ತಿನ್ನಲಾಗದ ಗೋಕುಲಾಷ್ಟಮಿ ಅಂತ ಒಬ್ಬೊಬ್ಬರೂ ಗೊಣಗಿ ಮನೆಗೆ ಹೋಗುವಾಗ ಬಿಸಿಲೇರಿತ್ತು. ನಾನು ಈಗಲೂ ಆ ಪಾರ್ಕಿಗೆ ಹೋಗುತ್ತೇನೆ. ಕೂಟ ಮುಗಿಯುವ ಹೊತ್ತಿಗೆ ಹೋಗಿ ಬೆಂಚಿಗೆ ಸೇರಿಕೊಳ್ಳುತ್ತೇನೆ.

ಎಕ್ಸ್‌ಟೆಂಡ್ ಮಾಡಿ, ಮೇಡಂ

ಗೊಣಗಾಟದ ಬೆಲೆ ನನಗೆ ಗೊತ್ತಾದದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ. 1981ರಲ್ಲಿ, ಬೇರೆ ಊರಿನ ಕಾಲ್ ಜೋಡಿಸಿಕೊಡುವ ಟ್ರಂಕ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದ್ದೆ. ನೇರವಾಗಿ ನಾವೇ ಡಯಲ್ ಮಾಡುವ ಎಸ್‌ಟಿಡಿ ಇನ್ನೂ ಎಲ್ಲ ಊರಿಗೂ ಬಂದಿರಲಿಲ್ಲ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಕಾಲ್‌ಗಳಲ್ಲಿ ದರ್ಜೆ. ಲೈಟ್ನಿಂಗಿಗೆ ಎಂಟು ಪಟ್ಟು ದುಡ್ಡು. ಸಾವಿನ ಸುದ್ದಿ ಹೇಳುವವರು, ಮಂಡಿ ವ್ಯಾಪಾರದವರು ಬಿಟ್ಟರೆ ಅದರ ಗೋಜಿಗೆ ಹೋಗುವವರು ಕಮ್ಮಿ. ತಲೆಗೆ ಹೆಡ್‌ಸೆಟ್ಟು, ಎದುರಿಗೆ ತೂತುಗಳ ಬೋರ್ಡು, ಒಂದು ಕೈಯಲ್ಲಿ ಪ್ಲಗ್ಗು, ಇನ್ನೊಂದು ಕೈಯಲ್ಲಿ ಟಿಕೆಟ್ಟಿನ ಮೇಲೆ ಸಮಯ ಬರೆಯುವ ಪೆನ್ಸಿಲು. ಮಾತು ಕೇಳಬಾರದು ಅಂತ ನಿಯಮ. ಆದರೆ ಲೈನು ಕಡಿಯಿತಾ ಅಂತ ನೋಡಲು ಆಗಾಗ ಕಿವಿ ಕೊಡಲೇಬೇಕು. ಮೂರು ನಿಮಿಷ ಆದ ತಕ್ಷಣ ನಡುವೆ ಬಾಯಿ ಹಾಕಿ, ‘ತ್ರೀ ಮಿನಿಟ್ಸ್ ಓವರ್, ಎಕ್ಸ್‌ಟೆಂಡ್ ಮಾಡಲಾ?’ ಅಂತ ಕೇಳಬೇಕು.

ಆಷಾಢದ ಮಳೆಯ ಒಂದು ಸಂಜೆ ಒಬ್ಬ ಹುಡುಗ ತೀರ್ಥಹಳ್ಳಿ ಕಡೆಯ ಯಾವುದೋ ಅಂಗಡಿಯ ನಂಬರಿಗೆ ಪಿ.ಪಿ. ಕಾಲ್, ಅಂದರೆ ಇಂಥವರನ್ನೇ ಕರೆಸಿ ಕೊಡಿ ಅನ್ನುವ ಕಾಲ್, ಬುಕ್ ಮಾಡಿದ್ದ. ಅಮ್ಮನ ಹೆಸರಿಗೆ. ಓದುವವನೋ ಹೊಸದಾಗಿ ಕೆಲಸಕ್ಕೆ ಸೇರಿದವನೋ, ಧ್ವನಿ ಮಾತ್ರ ತೀರಾ ಎಳೆಯದು. ಅಂಗಡಿಯವರು ಆಳು ಕಳಿಸಿ ಆಕೆಯನ್ನು ಕರೆಸಿ, ಅಂತೂ ಲೈನು ಸಿಕ್ಕಿತು. ಚೆನ್ನಾಗಿದ್ದೀಯಾ, ಊಟ ಆಯಿತಾ, ಊಹೂಂ. ಆ ತಾಯಿ ಹಲೋ ಅಂದವಳೇ ಶುರು ಮಾಡಿದಳು. ‘ಅಡಿಕೆಗೆ ಕೊಳೆ ಬಂದದೆ ಮಾರಾಯ. ಎರಡನೇ ಸಲ ಮದ್ದು ಹೊಡೆಸೋಕೆ ಆಳೇ ಇಲ್ಲ. ನಿಮ್ಮಪ್ಪ ಮಳೆ ಬಿಡಲಿ ಅಂತ ಕೂತಿದಾರೆ, ಮಳೆ ನಿಮ್ಮಪ್ಪ ಏಳಲಿ ಅಂತ ಕೂತದೆ. ಕೆಂಪು ದನ ಬೆಳಿಗ್ಗೆ ಹೋದದ್ದು ಇನ್ನೂ ಬಂದಿಲ್ಲ. ನಿನ್ನ ಫೋನಿಗೆ ಅಂತ ಓಡಿ ಬಂದೆ, ಕಾಲಿಗೆ ಇಂಬಳ ಹತ್ತಿದೆ, ಅದನ್ನೂ ಕರಕೊಂಡೇ ಬಂದಿದೀನಿ.’ ಹುಡುಗ ಹೂಂ ಬಿಟ್ಟರೆ ಬೇರೆ ಮಾತಿಲ್ಲ. ಮೂರು ನಿಮಿಷವಾಯಿತು. ನಾನು ಬಾಯಿ ಹಾಕಿ ಕೇಳಿದೆ. ಅವನು ಸಾಕು ಅನ್ನುತ್ತಾನೆ ಅಂತ ಕೈ ಆಗಲೇ ಪ್ಲಗ್ಗಿನ ಮೇಲಿತ್ತು.

‘ಎಕ್ಸ್‌ಟೆಂಡ್ ಮಾಡಿ, ಮೇಡಂ’ ಅಂದ. ತಕ್ಷಣ, ‘ಅಮ್ಮಾ, ದನ ಯಾವ ಕಡೆ ಹೋಗಿತ್ತು?’

‘ಎಲ್ಲಿಗೆ ಹೋಗ್ತದೆ, ಆಚೆಮನೆಯವರ ಗದ್ದೆಗೇ ಹೋಗಿರ್ತದೆ. ಅವರಿಗೂ ನಮಗೂ ಮಾತಿಲ್ಲ, ದನಕ್ಕೆ ಮಾತ್ರ ಹೋಗಿ ಬಂದು ಉಂಟು.’

ಹುಡುಗ ನಕ್ಕ. ಆ ಕಾಲ್‌ನಲ್ಲಿ ಅವನ ನಗು ಕೇಳಿಸಿದ್ದು ಅದೇ ಮೊದಲು. ನಿಯಮ ಮುರಿದು ನಾನೂ ನಕ್ಕೆ. ಪಕ್ಕದ ಪೊಸಿಷನ್ನಿನಲ್ಲಿ ಕೂತಿದ್ದ ಗೆಳತಿ ಏನು ಅಂತ ಕಣ್ಣಲ್ಲೇ ಕೇಳಿದಳು. ಆಮೇಲೆ ಟೀ ಹೊತ್ತಿನಲ್ಲಿ ಹೇಳಿದಾಗ, ‘ನಮ್ಮನೇಲಿ ನಾನು ಪುಕ್ಕಟೆ ಗೊಣಗಿದ್ರೂ ಯಾರೂ ಕೇಳಲ್ಲ ಕಣೇ. ಆ ಹುಡುಗ ನೋಡು, ದುಡ್ಡು ಕೊಟ್ಟು ಕೇಳಿದಾನೆ’ ಅಂದಳು.

ಈ ಗೆಳತಿ ಗೊಣಗುವುದರಲ್ಲಿ ನಮ್ಮ ಎಕ್ಸ್‌ಚೇಂಜಿಗೇ ಮೊದಲಿಗಳು. ಹೋದ ವರ್ಷ ತೀರಿಕೊಂಡಳು. ವೈಕುಂಠ ಸಮಾರಾಧನೆಗೆ ಹಳೆಯ ಆಪರೇಟರುಗಳೆಲ್ಲ ಸೇರಿ ಒಂದೇ ಪಂಕ್ತಿಯಲ್ಲಿ ಕೂತಿದ್ದೆವು. ಮೊದಲು ಯಾರಿಗೂ ಮಾತಿಲ್ಲ. ಸಾರು ಬಂತು. ನಮ್ಮಲ್ಲೊಬ್ಬಳು ಒಂದು ತುತ್ತು ಬಾಯಿಗಿಟ್ಟು, ಸತ್ತವಳ ಧ್ವನಿಯಲ್ಲೇ, ‘ಈ ಸಾರಿಗೆ ಇಂಗು ಹಾಕಿದಾರೋ, ಇಂಗಿನ ಡಬ್ಬಿ ತೋರಿಸಿದಾರೋ?’ ಅಂದಳು. ಅಲ್ಲಿಂದ ತಡೆಯಲಾಗಲಿಲ್ಲ. ಸಂಜೆ ಪಾಳಿ ಹಾಕಿದ ಸೂಪರ್‌ವೈಸರಿಗೆ ಅವಳಿಟ್ಟ ಅಡ್ಡಹೆಸರು, ಲೈನು ಸಿಗದಿದ್ದಾಗ ಬೆಂಗಳೂರಿನ ಆಪರೇಟರಿಗೆ ಅವಳು ಕೊಟ್ಟ ಶಾಪ, ರಿಟೈರ್ಮೆಂಟಿನ ದಿನ ಹೊದಿಸಿದ ಶಾಲನ್ನು ಬೆರಳಲ್ಲಿ ಹಿಸುಕಿ ನೋಡಿ ಸ್ಟೇಜಿನ ಮೇಲೇ ‘ಪಾಲಿಯೆಸ್ಟರ್’ ಅಂದದ್ದು. ಎದುರು ಸಾಲಿನ ಹಿರಿಯರೊಬ್ಬರು ನಮ್ಮನ್ನು ಸುಡುವ ಹಾಗೆ ನೋಡಿದರು. ಅವಳ ಮಗಳು ಬಡಿಸುವವರ ಹಿಂದಿನಿಂದ ನಮ್ಮ ಕಡೆಗೇ ಬಂದಳು. ಬೈಯುತ್ತಾಳೆ ಅಂದುಕೊಂಡು ಎಲ್ಲರೂ ಎಲೆ ನೋಡತೊಡಗಿದೆವು. ಅವಳು ನನ್ನ ಪಕ್ಕ ನೆಲದ ಮೇಲೇ ಕೂತು, ‘ಆಂಟೀ, ಅಮ್ಮ ಇನ್ನೂ ಏನೇನು ಗೊಣಗ್ತಿದ್ದಳು, ಹೇಳಿ’ ಅಂದಳು.

ಎರಡು ಮೂರು ಎಲ್ಲಿ ಹೋಯಿತು?

ಗೊಣಗಲು ಕೇಳುವವರು ಬೇಕು, ಅದೇ ಇದರ ಕಷ್ಟ. ನಮ್ಮ ಬೀದಿಯಲ್ಲೇ ಮೂರ್ನಾಲ್ಕು ಮನೆಗಳಲ್ಲಿ ಒಬ್ಬೊಬ್ಬರೇ ಇದ್ದಾರೆ, ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿದ್ದಾರೆ. ಭಾನುವಾರದ ವಿಡಿಯೋ ಕಾಲ್‌ನಲ್ಲಿ ಅವರು ಒಳ್ಳೆಯ ಸೀರೆ ಉಟ್ಟು, ಎಲ್ಲಾ ಚೆನ್ನಾಗಿದೆ ಅಂತ ನಗುತ್ತಾರೆ. ಮಕ್ಕಳಿಗೆ ಯೋಚನೆ ಹತ್ತಬಾರದಲ್ಲ. ಅಂಥ ನಗು ನೋಡಿದರೆ ನನಗೆ ಸಂಕಟವಾಗುತ್ತದೆ. ಗೊಣಗಿ ಗೊಣಗಿ ಕಹಿಯಾದವರೂ ಇದ್ದಾರೆ, ಒಪ್ಪುತ್ತೇನೆ. ಅವರಿಗೆ ಹೇಳುವುದು ಒಂದೇ ಕತೆ, ಆ ಕತೆಯಲ್ಲಿ ಯಾವಾಗಲೂ ಬೇರೆಯವರದೇ ತಪ್ಪು. ಅತ್ತೆಯ ಗೊಣಗಾಟದಲ್ಲಿ ಬೆಂಡೆಕಾಯಿ ಇರುತ್ತದೆ, ಮಿಕ್ಸಿಯ ಬ್ಲೇಡು ಇರುತ್ತದೆ, ಅವರದೇ ಕಾಲು ಇರುತ್ತದೆ, ದಿನಕ್ಕೊಂದು ಹೊಸ ಸುದ್ದಿ.

ಹಿರಿಯರಿಗೆಂದೇ 14567 ಅಂತ ಒಂದು ಉಚಿತ ಸಹಾಯವಾಣಿ ಇದೆ. ಪಿಂಚಣಿಯ ತೊಂದರೆ, ಮನೆಯಲ್ಲಿ ಹಿಂಸೆ, ಮನಸ್ಸಿನ ಬೇಜಾರು, ಏನಿದ್ದರೂ ಮಾತಾಡಬಹುದು. ಹಳೆಯ ಆಪರೇಟರ್ ಆದ ನನಗೆ ಆ ಕಡೆ ಹೆಡ್‌ಸೆಟ್ ಹಾಕಿಕೊಂಡು ಕೂತವರ ಮೇಲೆ ಸಹಜವಾಗಿ ಅಕ್ಕರೆ. ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಅತ್ತೆ ಕನ್ನಡಕ ಹಾಕಿಕೊಂಡು ಓದಿ, ‘ಒಂದು ನಾಲ್ಕು ಐದು ಆರು ಏಳು. ಎರಡು ಮೂರು ಎಲ್ಲಿ ಹೋಯ್ತು? ಮುದುಕರಿಗೆ ಅಂತ ಮಾಡಿದ ನಂಬರಲ್ಲೂ ಮರೆವು’ ಅಂದರು.

ನಂಜನಗೂಡಿನ ಬಸ್ಸು

ಕೊನೆಗೆ ನಮ್ಮ ಯಜಮಾನರ ವಿಷಯ. ಕಾಲೇಜಿನಲ್ಲಿ ಗಣಿತ ಹೇಳಿದವರು. ತಾವು ಗೊಣಗುವುದೇ ಇಲ್ಲ, ‘ವಿಶ್ಲೇಷಣೆ’ ಮಾಡುತ್ತೇನೆ ಅನ್ನುತ್ತಾರೆ. ಈಚೆಗೆ ಒಂದು ಸೋಮವಾರ ನಂಜನಗೂಡಿಗೆ ಹೊರಟಿದ್ದೆವು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಶೂನ್ಯ ಟಿಕೆಟ್ಟು, ಅವರಿಗೆ ದುಡ್ಡು. ಕಂಡಕ್ಟರ್ ನನ್ನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇವರ ಮುಖವನ್ನು ಅರೆಕ್ಷಣ ನೋಡಿ, ಏನೂ ಕೇಳದೆ ಮಿಷನ್ನಿನ ಗುಂಡಿ ಒತ್ತಿ ಹಿರಿಯ ನಾಗರಿಕರ ಟಿಕೆಟ್ ಹರಿದು ಕೊಟ್ಟುಬಿಟ್ಟ. ಶೇ 25 ರಿಯಾಯಿತಿ. ಯಜಮಾನರು ತೋರಿಸಲೆಂದು ಕೈಯಲ್ಲಿ ಹಿಡಿದಿದ್ದ ಕಾರ್ಡು ಹಾಗೇ ಉಳಿಯಿತು.

‘ಕಾರ್ಡು ನೋಡಲೇ ಇಲ್ಲ’ ಅಂದರು.

‘ನಿಮ್ಮನ್ನು ನೋಡಿದನಲ್ಲ’ ಅಂದೆ.

ಕಡಕೊಳ ದಾಟುವವರೆಗೆ ಮಾತಿಲ್ಲ. ದೇವಸ್ಥಾನದಲ್ಲೂ ಬಿಗುಮಾನ. ಬಾಳೆಹಣ್ಣು ಕೊಳ್ಳುವಾಗ ಆ ಹೆಂಗಸು ‘ತಾತಾ’ ಅಂದದ್ದು ಬೇರೆ ಸೇರಿಕೊಂಡಿತು. ವಾಪಸು ಬರುವಾಗ ಬಸ್ಸು ಹತ್ತುವ ಮೊದಲು ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಕಂಡಕ್ಟರ್ ಬಂದ ತಕ್ಷಣ, ಅವನು ಮುಖ ನೋಡುವುದಕ್ಕೆ ಮೊದಲೇ, ‘ಮೈಸೂರು, ಒಂದು ಫುಲ್’ ಅಂದರು. ಅವನು ಫುಲ್ ಟಿಕೆಟ್ಟೇ ಕೊಟ್ಟ. ಯಜಮಾನರ ಮುಖ ಅರಳಿತು. ಒಂದು ಸ್ಟಾಪು ಹೋಗುವಷ್ಟರಲ್ಲಿ ಟಿಕೆಟ್ಟನ್ನು ಚಾಳೀಸಿನ ಹತ್ತಿರ ಹಿಡಿದು ದರ ಓದಿ, 2025ರ ಜನವರಿಯಲ್ಲಿ ಶೇ 15 ಏರಿಸಿದ್ದು ಯಾವ ನ್ಯಾಯ, ಡೀಸೆಲ್ಲಿನ ಬೆಲೆ ಎಷ್ಟು, ಒಬ್ಬ ಪ್ರಯಾಣಿಕನಿಗೆ ಕಿಲೋಮೀಟರಿಗೆ ಎಷ್ಟು ಬೀಳುತ್ತದೆ ಅಂತ ಟಿಕೆಟ್ಟಿನ ಬೆನ್ನಿಗೇ ಲೆಕ್ಕ ಹಾಕತೊಡಗಿದರು. ಮುಂದಿನ ಸೀಟಿನವರೂ ತಿರುಗಿ ಕೇಳತೊಡಗಿದರು.

‘ಅಲ್ರೀ, ಕಾಲು ಭಾಗ ನೀವೇ ಬಿಟ್ಟುಕೊಟ್ಟಿರಲ್ಲ?’ ಅಂದೆ.

‘ಅದು ಬೇರೆ ಲೆಕ್ಕ’ ಅಂದರು.